ಹರಿಹರದಲ್ಲಿ ಗುರು ಸಾಯಲಿಲ್ಲ

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಲು ನಮ್ಮ ದಾವಣಗೆರೆಯಲ್ಲಿ ಯಾವ ಕ್ಲಾಸೂ ಪಾಸಾಗಬೇಕಿಲ್ಲ. ಸಿನಿಮಾ ನೋಡಿರಲೇಬೇಕೆಂಬ ನಿಯಮವೂ ಇಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ನೋಡಿದ ಮೇಲೆ ಮಾತ್ರ ಮಾತಾಡುವ ಅಭ್ಯಾಸ ಇಟ್ಟುಕೊಂಡಿದ್ದೆ. ಇಷ್ಟಕ್ಕೇ ನಮ್ಮ ಓಣಿಯಲ್ಲಿ ನನಗೆ ವಿದುಷಿಯ ಮರ್ಯಾದೆ ಸಿಕ್ಕಿತ್ತು.

ಊರು ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆಯಾದ ಮೇಲೆ ರಸ್ತೆ ಅಗಲವಾಗುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ ಎಂದಿದ್ದರು. ಅವು ಬರುವ ಮುಂಚೆ ಜನಕ್ಕೆ ಅಭಿಪ್ರಾಯಗಳು ಬಂದವು. ಅದೇ ಹೊತ್ತಿಗೆ ಆ ಗೂಢಚಾರನ ಎರಡನೇ ಸಿನಿಮಾವೂ ಬಂತು.

ಮೊದಲನೆಯದು ಒಂದೆರಡು ವರ್ಷ ಹಿಂದೆ ಬಂದಿತ್ತು. ಪಾಳೆಯಗಾರರ ಕಾಲದ ಕಥೆ. ಕೆನ್ನೆಯ ಮೇಲೆ ಗಾಯದ ಗುರುತಿರುವ ಒಬ್ಬ ಗೂಢಚಾರ ಬಳೆಗಾರನ ವೇಷ ಹಾಕಿಕೊಂಡು ಕುಂಪಣಿಯ ದಂಡಿನೊಳಗೆ ಹೊಕ್ಕು, ಕೋಟೆ ಉಳಿಸಿ, ಕೊನೆಗೆ ತಾನು ಸಾಯುತ್ತಾನೆ. ಬಹಳ ಚೆನ್ನಾಗಿ ಓಡಿತು. ಓಡಿದ ಸಿನಿಮಾಕ್ಕೆ ಇನ್ನೊಂದು ತೆಗೆಯೋಣವೆಂದರೆ ನಾಯಕ ಸತ್ತುಹೋಗಿದ್ದಾನೆ. ಆತುರಪಟ್ಟು ಕೊಂದವರಿಗೆ ಆಮೇಲೆ ಬುದ್ಧಿ ಬಂತು. ಸತ್ತವನನ್ನು ಎಬ್ಬಿಸುವಂತಿಲ್ಲ, ಅದಕ್ಕೆ ಅವನ ಹರೆಯದ ಕಥೆ ತೆಗೆದರು. ಅವನು ಗೂಢಚಾರನಾದದ್ದು ಹೇಗೆ, ಕೆನ್ನೆಗೆ ಗಾಯವಾದದ್ದು ಹೇಗೆ ಎಂಬ ಕಥೆ. ಅಂದರೆ ಮೊದಲು ನಡೆದದ್ದು ಎರಡನೇ ಸಿನಿಮಾದಲ್ಲಿ ಬರುತ್ತದೆ. ನಟ ಮಾತ್ರ ಹಳಬನೇ. ಮೊದಲನೆಯದರಲ್ಲಿ ನಡುವಯಸ್ಸಿನ ಗೂಢಚಾರನಾಗಿ ತೆಳ್ಳಗಿದ್ದವನು ಈಗ ಚಿಗುರುಮೀಸೆಯ ಹುಡುಗನಾಗಿ ದಪ್ಪಗಾಗಿದ್ದ. ಕಥೆ ಹಿಂದಕ್ಕೆ ಹೋಗಿದೆಯೆಂದು ಅವನ ಹೊಟ್ಟೆಗೆ ಯಾರೂ ತಿಳಿಸಿರಲಿಲ್ಲ.

ಇಂಥ ಸಿನಿಮಾ ಸಿಕ್ಕರೆ ನಮ್ಮ ಜನ ಬಿಡುತ್ತಾರೆಯೇ? ಎದುರುಮನೆಯ ನಿವೃತ್ತ ಮೇಷ್ಟರು ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಪಾಳೆಗಾರರ ಕಾಲದಾಗೆ ಕೋಟೆ ಹಿಂದೆ ಕರೆಂಟ್ ಕಂಬ ಯಾಕೈತೆ ಹೇಳ್ರಿ" ಎಂದು ಕೇಳುತ್ತಿದ್ದರು. ಕಂಬವೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಮತ್ತೊಮ್ಮೆ ಹೋಗಿ ನೋಡಿ ಬಂದರು. ಎರಡನೇ ಸಲವೂ ಇತ್ತಂತೆ. ಕಾಲೇಜು ಹುಡುಗರಿಗೆ ಹೊಡೆದಾಟ ಹಿಡಿಸಿತ್ತು, ನಡುನಡುವೆ ಕಥೆ ಅಡ್ಡ ಬಂದದ್ದು ಹಿಡಿಸಿರಲಿಲ್ಲ. ಪಕ್ಕದ ಮನೆಯಾಕೆ ಸಿನಿಮಾ ಶುರುವಾಗುವಾಗಲೇ ಅಳಲು ಹಿಡಿದಳಂತೆ. ಯಾಕೆಂದು ಕೇಳಿದೆ.

"ಅವನು ನಗ್ತಾ ಕುದುರಿ ಮೈ ಉಜ್ಜತಿದ್ದ ಅಮ್ಮ. ಮುಂದೆ ಸಾಯ್ತೀನಿ ಅಂತ ಅವನಿಗೆ ಗೊತ್ತಿಲ್ಲ, ನನಗೆ ಗೊತ್ತೈತೆ" ಎಂದಳು.

"ಹಂಗಾದ್ರೆ ಹೊಡೆದಾಟದಾಗೂ ಅತ್ಯಾ?"

"ಅವಾಗ ಯಾಕ ಅಳ್ಲಿ? ಅವನು ಸಾಯೋದು ಆ ಸಿನಿಮಾದಾಗೆ. ಇದ್ರಾಗೆ ಎಷ್ಟು ಹೊಡೆದ್ರೂ ಅವನಿಗೆ ಏನೂ ಆಗಂಗಿಲ್ಲ."

ಪೇಪರಿನವರು ಬರೆದ ವಿಮರ್ಶೆಗಿಂತ ಇದು ಚೆನ್ನಾಗಿತ್ತು.

ನಾನು ಮೊಮ್ಮಗಳ ಜೊತೆ ಮ್ಯಾಟಿನಿಗೆ ಹೋಗಿದ್ದೆ. ಈ ಮೊಮ್ಮಗಳ ವಿಷಯ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ, ಆದ್ದರಿಂದ ಒಂದಿಷ್ಟೇ ಹೇಳುತ್ತೇನೆ. ಡಿಗ್ರಿ ಮುಗಿಸಿ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ನಕ್ಕರೆ ಅಡುಗೆಮನೆಯ ಪಾತ್ರೆಗಳೂ ನಕ್ಕಂತೆ ಆಗುತ್ತಿತ್ತು. ಅವಳು ಹುಟ್ಟಿದಾಗ ನಾನು ಓಣಿಗೆಲ್ಲ ಸಕ್ಕರೆ ಹಂಚಿದ್ದೆ, ಹೆಣ್ಣು ಮಗುವಿಗೆ ಯಾರಾದರೂ ಸಕ್ಕರೆ ಹಂಚುತ್ತಾರೆಯೇ ಎಂದವರಿಗೆ ಎರಡನೇ ಸಲ ಹಂಚಿದ್ದೆ. ಇಷ್ಟು ಸಾಕು. ಸುಂದರಿಯೂ ಹೌದು.

ನಾವು ಕಂಡ ಕಥೆ ಹೀಗಿತ್ತು. ಕೋಟೆಯ ಲಾಯದಲ್ಲಿ ಕುದುರೆಯ ಲದ್ದಿ ಬಾಚುವ ಹುಡುಗ. ಒಬ್ಬ ಮುದಿ ಗುರು ಅವನನ್ನು ಗುರುತಿಸಿ ಕತ್ತಿವರಸೆ, ವೇಷ ಹಾಕುವುದು, ಹಕ್ಕಿಯಂತೆ ಕೂಗುವುದು ಎಲ್ಲ ಕಲಿಸುತ್ತಾನೆ. ಅಪ್ಪನಂತೆ ನೋಡಿಕೊಳ್ಳುತ್ತಾನೆ. ಆಮೇಲೆ ಆ ಗುರುವೇ ಕೋಟೆಯ ನಕ್ಷೆಯನ್ನು ಕುಂಪಣಿ ಸಾಹೇಬನ ಕೈಗಿಟ್ಟು ನಗುತ್ತಾನೆ. ಅಲ್ಲಿಗೆ ಇಂಟರ್‌ವಲ್. ಇಂಟರ್‌ವಲ್ಲೋ, ಒಂದು ಸಂಸಾರ ಮಿರ್ಚಿ ತಿಂದು ಜಗಳವಾಡಿ ರಾಜಿಯಾಗುವಷ್ಟು ಉದ್ದ. ಅದಾದ ಮೇಲೆ ಹುಡುಗ ಗುರುವನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಬಂಡೆಯ ಮೇಲೆ ಇಬ್ಬರೂ ಹೊಡೆದಾಡುತ್ತಾರೆ, ಹುಡುಗನ ಕೆನ್ನೆಗೆ ಗಾಯವಾಗುತ್ತದೆ, ಗುರು ತುಂಬಿದ ಹೊಳೆಗೆ ಬಿದ್ದು ಸಾಯುತ್ತಾನೆ. ಶುಭಂ.

ಕಥೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನನ್ನ ಮೊಮ್ಮಗಳ ಮದುವೆ ಈ ಗುರುವಿನ ಸಾವಿನ ಮೇಲೆ ನಿಂತುಬಿಟ್ಟಿತು.

ಆನಗೋಡಿನ ನಮ್ಮ ನೆಂಟನೊಬ್ಬ ಹರಿಹರದ ಸಂಬಂಧ ತಂದ. ಭಾನುವಳ್ಳಿಯಲ್ಲಿ ಅವರಿಗೆ ನಾಲೆಯ ನೀರಿನ ಗದ್ದೆ, ಹರಿಹರದಲ್ಲಿ ಮನೆ. ಹುಡುಗ ನಮ್ಮೂರಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಮೊಮ್ಮಗಳು ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಇರುತ್ತಾಳೆ ಎಂದುಕೊಂಡೇ ನನಗೆ ಹಸಿವು ಹೆಚ್ಚಾಯಿತು. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವರು ಹುಡುಗನ ಅಜ್ಜ. ಅವರು ಬರುವ ಮುಂಚೆಯೇ ನೆಂಟ ನಮ್ಮನ್ನು ಎಚ್ಚರಿಸಿದ.

"ಅವರು ಅಡಿಗಿ ಬರ್ತದಾ, ಹಾಡು ಬರ್ತದಾ ಅಂತೆಲ್ಲ ಕೇಳಂಗಿಲ್ಲ. ಹುಡುಗಿ ಕಣ್ಣಾರೆ ನೋಡಿದ್ದು ಏನಾದ್ರೂ ಒಂದು ಕೇಳ್ತಾರೆ. ಕಂಡದ್ದು ಕಂಡಂಗೆ ಹೇಳಿದ್ರೆ ಆತು. ಹೋದ ಸಲ ಒಂದು ಹುಡುಗಿ ಜೋಗ ನೋಡೀನಿ ಅಂತ ಸುಳ್ಳು ಹೇಳಿ ಸಿಕ್ಕಾಕಂಡ್ಳು. ಅವರು ಚಾ ಅರ್ಧಕ್ಕೇ ಇಟ್ಟು ಎದ್ದು ಬಂದ್ರು."

ಚಿನ್ನ ಕೇಳದೆ ಸತ್ಯ ಕೇಳುವ ಬೀಗರು. ಚಿನ್ನವಾದರೆ ಅಂಗಡಿಯಲ್ಲಿ ಸಿಗುತ್ತದೆ. ಆದರೂ ನನಗೆ ಚಿಂತೆಯಾಗಲಿಲ್ಲ. ನನ್ನ ಮೊಮ್ಮಗಳಿಗೆ ಸುಳ್ಳು ಬರುವುದಿಲ್ಲ. ಅದೇ ಅವಳಲ್ಲಿರುವ ದೋಷವೆಂದು ಅವಳ ಅಪ್ಪ, ಅಂದರೆ ನನ್ನ ಮಗ, ಬಹಳ ಸಲ ಹೇಳಿದ್ದಾನೆ.

ಭಾನುವಾರ ಬಂದರು. ಅಜ್ಜನ ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಹುಡುಗನ ಅಪ್ಪ ಅಮ್ಮನೂ ಬಂದಿದ್ದರು, ಅವರಿಗೆ ಮಾತಾಡುವ ಕೆಲಸವಿರಲಿಲ್ಲ. ಹುಡುಗ ಹುಡುಗಿ ನಾಕು ಮಾತಾಡಲಿ ಎಂದು ಹಿತ್ತಲಿಗೆ ಕಳಿಸಿದೆವು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಏನೋ ಹುಡುಕುತ್ತಿದ್ದೆ. ಅಲ್ಲಿ ಏನೂ ಕಳೆದಿರಲಿಲ್ಲ. ಅವರಿಬ್ಬರೂ ಮಾತಾಡಿದ್ದು ಅದೇ ಸಿನಿಮಾ.

"ಗುರು ಹೊಳಿಗೆ ಬಿದ್ದಾಗ ನೋಡಿದ್ರಾ? ಹುಲ್ಲಿನ ಗೊಂಬಿ ಬಿಸಾಕ್ಯಾರೆ. ಕಾಲು ಒಂದು ಕಡೆ, ರುಮಾಲು ಒಂದು ಕಡೆ" ಎಂದ ಹುಡುಗ. ಅವನು ಫ್ಯಾಕ್ಟರಿಯ ಗೆಳೆಯರ ಜೊತೆ ನಮ್ಮೂರಲ್ಲೇ ನೋಡಿದ್ದನಂತೆ. ಮೊಮ್ಮಗಳು ನಕ್ಕಳು. ಪಾತ್ರೆಗಳ ವಿಷಯ ಆಗಲೇ ಬರೆದಿದ್ದೇನೆ.

ಒಳಗೆ ಬಂದು ಎಲ್ಲರೂ ಅವಲಕ್ಕಿ ತಟ್ಟೆ ಹಿಡಿದು ಕೂತ ಮೇಲೆ ಅಜ್ಜ ಗಂಟಲು ಸರಿ ಮಾಡಿಕೊಂಡರು.

"ಏನವ್ವ, ಆ ಗೂಢಚಾರನ ಸಿನಿಮಾ ನೋಡೀಯಾ?"

"ನೋಡೀನ್ರಿ, ಅಜ್ಜಿ ಜೊತಿಗೆ."

"ಹೆಂಗೈತೆ?"

"ಕುದುರಿ ಚೆನ್ನಾಗಿ ಪಾರ್ಟು ಮಾಡ್ಯಾವ್ರಿ."

ಅಜ್ಜನಿಗೆ ಉತ್ತರ ಹಿಡಿಸಿತು. ಮೀಸೆಯಡಿ ನಕ್ಕರು. "ಆ ಗುರು ಬಗ್ಗೆ ಏನಂತಿ?"

"ಅವನು ದ್ರೋಹಿ ರೀ. ಕಡೀಗೆ ಹೊಳ್ಯಾಗ ಬಿದ್ದು ಸತ್ತದ್ದು ಸರಿ ಆತು."

ಅಜ್ಜನ ಕೈಯ ಚಮಚ ನಿಂತಿತು. "ಕಡೀಗೆ ಸತ್ತನಾ?"

"ಸತ್ತನಲ್ರಿ."

"ಪೂರ್ತಿ ನೋಡಿದ್ಯಾ, ನಡುವೆ ಎದ್ದು ಬಂದ್ಯಾ?"

"ಪೂರ್ತಿ ನೋಡೀನ್ರಿ. ಅಜ್ಜಿ ಸ್ವಲ್ಪ ಹೊತ್ತು ನಿದ್ದಿ ಮಾಡಿದ್ರು. ನಾನು ಮಾಡಿಲ್ಲ."

ಈ ಕೊನೆಯ ಸತ್ಯದ ಅಗತ್ಯ ಯಾರಿಗೂ ಇರಲಿಲ್ಲ. ನಾನು ಮಲಗಿದ್ದು ಹಾಡಿನ ಹೊತ್ತಿನಲ್ಲಿ, ಗುರು ಸಾಯುವಾಗ ಎದ್ದಿದ್ದೆ. ಆದರೆ ಮೊಮ್ಮಗಳ ದಯೆಯಿಂದ ನನ್ನ ಸಾಕ್ಷಿ ಅಲ್ಲಿಗೆ ಬಿದ್ದುಹೋಯಿತು.

"ನೋಡವ್ವ, ಮೊದ್ಲು ಹೊಳಿಗೆ ಬೀಳ್ತಾನ, ಹೌದು" ಎಂದರು ಅಜ್ಜ. "ಆದ್ರೆ ಬದುಕಿ ಬರ್ತಾನ. ಕಡೀಗೆ ನಕ್ಷೆ ಕೊಟ್ಟು ನಗ್ತಾನ. ಅಲ್ಲಿಗೆ ಸಿನಿಮಾ ಮುಗೀತೈತೆ. ನಮ್ಮ ಹರಿಹರದ ಟಾಕೀಸಿನಾಗೆ ನಾನು ಈ ಕಣ್ಣಿಂದ ನೋಡೀನಿ."

"ನಾನೂ ಈ ಕಣ್ಣಿಂದಲೇ ನೋಡೀನ್ರಿ. ಕಡೀಗೆ ಸಾಯ್ತಾನ."

ಬೇರೆ ಯಾರೂ ಹುಡುಗನ ಕಡೆ ನೋಡಲಿಲ್ಲ, ನಾನು ನೋಡಿದೆ. ಮೊಮ್ಮಗಳೂ ನೋಡಿದಳು. ಅವನು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ. ಹುಲ್ಲಿನ ಗೊಂಬೆ ಕಂಡಿದ್ದ ಕಣ್ಣು ಈಗ ತಟ್ಟೆ ಬಿಟ್ಟು ಮೇಲೇಳಲಿಲ್ಲ. ಅಜ್ಜ ಚಾ ಅರ್ಧಕ್ಕೆ ಇಟ್ಟರು. ಇಟ್ಟರೆ ಏನರ್ಥ ಎಂದು ನೆಂಟ ಮೊದಲೇ ಹೇಳಿದ್ದ.

ಅವರು ಹೋದ ಮೇಲೆ ನನ್ನ ಮಗ ಮಗಳ ಮುಂದೆ ಕೂತ. "ಪುಟ್ಟಿ, ಅವನು ಬದುಕಿದ ಅಂತ ಒಂದು ಮಾತು ಹೇಳಿಬಿಡು. ಸಿನಿಮಾದ ಗುರು. ಅವನು ಬದುಕಿದ್ರೆ ನಮ್ಮ ಗಂಟೇನು ಹೋಗ್ತೈತೆ?"

"ಇವತ್ತು ಸತ್ತ ಗುರು ಬದುಕ್ಯಾನ ಅನ್ಬೇಕು. ನಾಳೆ ಅವರ ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾದ್ರೆ ಉಪ್ಪೇ ಇಲ್ಲ ಅನ್ಬೇಕು. ಆಮೇಲೆ ಯಾವುದು ನಿಂತೀತು ಅಪ್ಪ?" ಎಂದಳು. ತಟ್ಟೆಗಳನ್ನು ಎತ್ತಿಡುತ್ತ, "ಅಜ್ಜಂದು ಬಿಡು, ಅವರು ಏನು ಕಂಡ್ರೋ ಏನೋ. ಹುಲ್ಲಿನ ಗೊಂಬಿ ಅಂದ ಇವ್ರೂ ನೋಡ್ಯಾರಲ್ಲ. ನೋಡಿ ಸುಮ್ಮನೆ ಕೂತ್ರು. ಅವರು ಬಾಯಿ ಬಿಟ್ಟು ಹೇಳ್ಲಿ. ಇಲ್ಲಾಂದ್ರೆ ಈ ಸಂಬಂಧ ನನಗೇ ಬ್ಯಾಡ" ಎಂದಳು.

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಆ ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಕೂಡುವುದನ್ನು ಕಳೆದಳು. ಹುಡುಗ ಅವಳ ಮನಸ್ಸಿಗೆ ಬಂದಿದ್ದಾನೆಂದು ನನಗೆ ಅಲ್ಲಿಯೇ ಗೊತ್ತಾಯಿತು. ಸಂತೋಷದ ಬೆನ್ನಿಗೇ ಚಿಂತೆಯೂ ಬಂತು. ಇಷ್ಟು ಒಳ್ಳೆಯ ಹುಡುಗಿಗೆ ಸುಳ್ಳಿಯೆಂಬ ಹೆಸರು ಬಂದು, ಅದು ನೆಂಟರ ಬಾಯಲ್ಲಿ ಆನಗೋಡಿನಿಂದ ಭಾನುವಳ್ಳಿಯವರೆಗೂ ಓಡಾಡಿದರೆ ಗತಿಯೇನು? ನಮ್ಮ ಜನಕ್ಕೆ ಮಾತು ಸಾಗಿಸಲು ಗೂಢಚಾರರು ಬೇಕಿಲ್ಲ.

ಎರಡು ಮೂರು ದಿನ ಬಿಟ್ಟು, ಸಂಜೆ, ಮನೆಯ ಮುಂದೆ ಬೈಕು ನಿಂತಿತು. ಫ್ಯಾಕ್ಟರಿಯಿಂದ ನೇರ ಬಂದಿದ್ದ. ಕೈಗೆ ಗ್ರೀಸು ಮೆತ್ತಿತ್ತು. ಹೊಸ್ತಿಲ ಹೊರಗೇ ನಿಂತ.

"ಒಳಗೆ ಬಾರಪ್ಪ."

"ಕೈ ಹೊಲಸಾಗೈತ್ರಿ ಅಜ್ಜಿ. ಒಂದು ಮಾತು ಹೇಳಿ ಹೋಗ್ತೀನಿ. ನಾನೂ ನೋಡೀನಿ, ಗುರು ಸಾಯ್ತಾನ ಅಂತ ನಮ್ಮ ಅಜ್ಜಗ ಹೇಳಿದೆ."

"ಏನಂದ್ರು?"

"ನಮ್ಮ ಮನ್ಯಾಗೂ ಒಬ್ಬ ಸುಳ್ಳುಗಾರ ಅದಾನ ಅಂತ ಗೊತ್ತಿರಲಿಲ್ಲ ಅಂದ್ರು. ಲಗ್ನ ಆಗೋಕೆ ಮುಂಚೇನೇ ಹುಡುಗಿ ನಿನಗೆ ಕಲಿಸಿಬಿಟ್ಲು ಅಂದ್ರು. ನನ್ನ ಜೊತಿ ಮಾತು ಬಿಟ್ಟಾರ."

ಒಳಗಿನಿಂದ ಮೊಮ್ಮಗಳು ಬಂದಳು. ಒಂದು ಚೊಂಬು ನೀರು, ಒಂದು ಸೋಪು ಇಟ್ಟು ನಿಂತಳು. ಅವನು ಬಹಳ ಹೊತ್ತು ಕೈ ತೊಳೆದ. ಅಷ್ಟು ಗ್ರೀಸು ಇರಲಿಲ್ಲ. ನಾನು ಒಳಗೆ ಹೋಗಿ ದೇವರ ಮುಂದೆ ಕೈ ಮುಗಿದು, ಅಲ್ಲಿಂದ ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದೆ. ಕುಣಿದದ್ದು ಯಾರಿಗೂ ಗೊತ್ತಿಲ್ಲ, ಇಲ್ಲಿ ಬರೆದ ಮೇಲೆ ಗೊತ್ತಾಗುತ್ತದೆ.

ಹುಡುಗನ ಬಾಯಿ ತೆರೆದದ್ದಾಯಿತು. ಇನ್ನುಳಿದದ್ದು ಅಜ್ಜನ ಕಣ್ಣು. ಮಗನನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದೆ. ಗಂಡಿನ ಮನೆಯವರು ಚಾ ಅರ್ಧಕ್ಕೆ ಇಟ್ಟು ಹೋದ ಮೇಲೆ ಹೆಣ್ಣಿನವರು ಬೆನ್ನು ಹತ್ತಿ ಹೋಗಬಾರದು ಎಂದು ಮಗ ದಾರಿಯುದ್ದಕ್ಕೂ ಮರ್ಯಾದೆಯ ಪಾಠ ಹೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅಜ್ಜ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರು ಗೆಳೆಯರೊಂದಿಗೆ ಕೂತಿದ್ದರು, ಒಬ್ಬ ಕ್ಷೌರದವನು, ಒಬ್ಬ ಬಟ್ಟೆ ವ್ಯಾಪಾರಿ. "ಬರ್ರಿ, ಕೂಡ್ರಿ" ಎಂದರು. ದನಿಯಲ್ಲಿ ಬರಬಾರದಿತ್ತು ಎಂಬುದೂ ಇತ್ತು. ನಾನು ಮದುವೆಯ ಮಾತು ಎತ್ತಲಿಲ್ಲ.

"ಯಜಮಾನ್ರೆ, ಆ ಸಿನಿಮಾ ನಿಮ್ಮೂರಾಗೆ ಹೆಂಗೈತೆ ಅಂತಾರೆ ಜನ?" ಎಂದೆ.

ಕ್ಷೌರದವನು ನಡುವೆ ಬಾಯಿ ಹಾಕಿದ. "ಬಾಳ ಆಳ ಐತ್ರಿ. ದಾವಣಗೆರಿಯೋರಿಗೆ ತಿಳಿಯೋದು ಕಷ್ಟ. ಮೊದಲಿಗೇ ಹೊಡೆದಾಟ. ಯಾರು, ಯಾಕ, ಏನೂ ಹೇಳಂಗಿಲ್ಲ. ಹುಡುಗ ಗುರೂನ ಹೊಳಿಗೆ ತಳ್ತಾನ. ಆಮೇಲೆ ಆ ಪಾಪಕ್ಕೆ ಅವನ್ನ ಕುದುರಿ ಲದ್ದಿ ಬಾಚೋಕೆ ಹಾಕ್ತಾರ. ಅಲ್ಲಿಗೆ ಬರ್ತಾನ ನೋಡ್ರಿ ಗುರು, ಬದುಕಿ. ಸಿಟ್ಟಿಲ್ಲ, ಸೆಡವಿಲ್ಲ. ಕೊಲ್ಲೋಕೆ ಬಂದವನಿಗೇ ವಿದ್ಯೆ ಕಲಿಸ್ತಾನ."

"ಕೆನ್ನಿ ಮ್ಯಾಲೆ ಗಾಯ ಆಗಿತ್ತಲ್ಲಪ್ಪ, ಅದೇನಾತು?" ಎಂದ ನನ್ನ ಮಗ.

"ಗುರು ಎಲೆ ಅರೆದು ಹಚ್ಚಿರ್ತಾನ. ಎಲ್ಲಾನೂ ತೋರಿಸ್ಬೇಕೇನ್ರಿ? ನಾವೂ ಸ್ವಲ್ಪ ತಿಳ್ಕಬೇಕು."

"ಕಡೀಗೆ ನಕ್ಷೆ ಕೊಟ್ಟು ಸೇಡು ತೀರಿಸ್ಕಂತಾನ" ಎಂದರು ಬಟ್ಟೆ ವ್ಯಾಪಾರಿ, ತಮ್ಮ ಅಂಗಡಿಯ ಎದುರಿನ ಅಂಗಡಿಯವನನ್ನು ನೆನೆಸಿಕೊಂಡಂತೆ. "ಹೊಳಿಗೆ ತಳ್ಳಿದೋನು ಮರೀತಾನ. ಬಿದ್ದೋನು ಮರೆಯಂಗಿಲ್ಲ. ಎಂಥಾ ನೀತಿ."

ಅಜ್ಜ ತಲೆದೂಗಿದರು. ಹರಿಹರದ ದೇವರಲ್ಲಿ ಅರ್ಧ ಹರಿ, ಅರ್ಧ ಹರ, ಒಂದೇ ಮೈಯಲ್ಲಿ ನಿಂತಿದ್ದಾರೆ. ಅಂಥ ಊರಿನಲ್ಲಿ ಗುರು ಸತ್ತೂ ಬದುಕಿರಲು ಅಡ್ಡಿಯೇನಿಲ್ಲ ಎಂದು ನಾನೂ ಒಪ್ಪಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಅಜ್ಜ ಒಂದು ಮಾತು ಸೇರಿಸಿದರು.

"ಶುಭಂ ಅಂತ ಬಂದ ಮ್ಯಾಲೆ ನಾವು ಹೊರಗೆ ಹೋಗಿ ಚಾ ಕುಡಿದು ಬಂದ್ವಿ. ಬಂದು ಕೂತ ಮ್ಯಾಲೆ ಪಾರ್ಟುದಾರರ ಹೆಸರು ಹಾಕಿದ್ರು. ಹೊಸಾ ಪದ್ಧತಿ. ಹಿಂದಿನ ಸಿನಿಮಾದೋನ ಹರೇದ ಕಥಿ ಅಲ್ಲೇನು, ಎಲ್ಲಾ ಹಿಂದುಮುಂದೇ ಇರ್ತೈತೆ ಅಂತ ನಾವು ಮೊದಲೇ ತಿಳ್ಕಂಡು ಹೋಗಿದ್ವಿ."

ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಮ್ಮದು ಮಂಡಕ್ಕಿ ವ್ಯಾಪಾರ. ದಾವಣಗೆರೆಯ ಆ ಟಾಕೀಸಿನ ಕ್ಯಾಂಟೀನಿಗೆ ಮಂಡಕ್ಕಿ ಹಾಕುವವನು ಇವನೇ. ಇಂಟರ್‌ವಲ್ ಆಗುತ್ತಿದ್ದಂತೆ ತಗಡಿನ ಡಬ್ಬಗಳನ್ನು ಹೇರಿಕೊಂಡು ಒಂದು ಕಾರು ಹರಿಹರದ ಕಡೆ ಓಡುವುದನ್ನು ಅವನು ದಿನಾ ಕಂಡಿದ್ದ. ಸಿನಿಮಾದ ರೀಲು ಬರುವುದು ಅಂಥ ಡಬ್ಬಗಳಲ್ಲೇ. ಅವನು ಬಾಯಿ ತೆರೆದ. ನಾನು ಅವನ ತೊಡೆ ಚಿವುಟಿದೆ. ಗೆಳೆಯರ ಮುಂದೆ ಹರಿಹರದ ಹಿರಿಯನಿಗೆ ನಿಮಗೆ ಸಿನಿಮಾ ತಲೆಕೆಳಗು ತೋರಿಸಿದ್ದಾರೆ ಎಂದರೆ ಸಿನಿಮಾ ಸರಿಹೋಗುತ್ತದೆ, ಸಂಬಂಧ ಹೋಗುತ್ತದೆ.

"ಯಜಮಾನ್ರೆ," ಎಂದೆ, "ನಮ್ಮೂರಿಗೆ ಬಂದು ಒಂದ್ಸಲ ನೋಡ್ರಿ."

"ನೋಡಿದ್ದನ್ನೇ ಯಾಕ ನೋಡ್ಲಿ ಅಮ್ಮಾರೆ?"

"ನಿಮ್ಮೂರಾಗೆ ಗುರು ಏನಾದ ಅನ್ನೋದು ನೀವು ಕಂಡೀರಿ. ನಮ್ಮೂರಾಗೆ ಏನಾದ ಅನ್ನೋದು ನೀವು ಕಂಡಿಲ್ಲ. ಕಾಣದೇ ನಮ್ಮ ಹುಡುಗಿ ಸುಳ್ಳು ಹೇಳ್ಯಾಳ ಅಂದ್ರೆ, ಜೋಗ ನೋಡ್ದೆ ನೋಡೀನಿ ಅಂದ ಹುಡುಗಿ ಲೆಕ್ಕಕ್ಕೇ ಬಂತಲ್ರಿ."

ಕ್ಷೌರದವನು ಚಪ್ಪಲಿ ಹುಡುಕತೊಡಗಿದ. ಅಜ್ಜ ಬಹಳ ಹೊತ್ತು ರುಮಾಲು ಸರಿ ಮಾಡಿಕೊಂಡು, "ಯಾವ ಆಟಕ್ಕೆ ಬರ್ಲಿ?" ಎಂದರು.

ಊರಿಗೆ ಬಂದು ಮಗ ಕ್ಯಾಂಟೀನಿನವನನ್ನು ಕೇಳಿದ. ಅವನು ನಕ್ಕು ಎಲ್ಲ ಹೇಳಿದ. ಎರಡು ಊರಿಗೂ ಸಿನಿಮಾ ತಂದವನು ಒಬ್ಬನೇ, ತಂದದ್ದು ಒಂದೇ ಪ್ರಿಂಟು. ಎರಡು ಕಡೆಯೂ ಆಟ ಒಂದೇ ಹೊತ್ತಿಗೆ. ನಮ್ಮೂರಲ್ಲಿ ಮೊದಲರ್ಧ ಓಡುವಾಗ ಹರಿಹರದಲ್ಲಿ ಕೊನೆಯರ್ಧ ಓಡುತ್ತದೆ. ಇಂಟರ್‌ವಲ್ಲಿನಲ್ಲಿ ಎರಡೂ ಊರಿನಿಂದ ಕಾರು ಹೊರಟು ನಡುದಾರಿಯಲ್ಲಿ ಎದುರಾಗಿ, ಡಬ್ಬ ಬದಲಾಯಿಸಿಕೊಂಡು ವಾಪಸು ಓಡುತ್ತವೆ. ಪರದೆಯ ಮೇಲೆ ಕಂಡದ್ದಕ್ಕಿಂತ ದೊಡ್ಡ ಗೂಢಚರ್ಯೆ ದಿನಾ ಹೆದ್ದಾರಿಯಲ್ಲಿ ನಡೆಯುತ್ತಿತ್ತು.

"ಹರಿಹರದ ಜನ ಗಲಾಟಿ ಮಾಡ್ಲಿಲ್ವಾ?" ಎಂದನಂತೆ ಮಗ.

"ಮೊದಲ್ನೇ ದಿನ ಹೆದರಿದ್ವಿ ಸಾವ್ಕಾರ್ರೆ. ಜನ ಚಪ್ಪಾಳಿ ತಟ್ಟಿದ್ರು. ಹಿಂಗೇ ಇರ್ತೈತೆ ಈ ತರದ ಸಿನಿಮಾ ಅಂದ್ರು. ಅವರಿಗೇ ಹಿಡಿಸಿದ ಮ್ಯಾಲೆ ನಾವು ಯಾಕ ಕೆಡಿಸೋಣ?"

ಶನಿವಾರದ ಮ್ಯಾಟಿನಿಗೆ ಅಜ್ಜ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದರು. ಅವನೊಂದಿಗೆ ಮಾತು ಬಿಟ್ಟಿದ್ದರೂ ಬೈಕು ಬಿಟ್ಟಿರಲಿಲ್ಲ. ಬಾಲ್ಕನಿಯಲ್ಲಿ ಒಂದು ತುದಿಗೆ ಹುಡುಗ, ಪಕ್ಕ ಅಜ್ಜ, ಆಮೇಲೆ ನಾನು, ನನ್ನ ಮಗ, ಇನ್ನೊಂದು ತುದಿಗೆ ಮೊಮ್ಮಗಳು. ಶುರುವಿಗೇ ಹೆಸರುಗಳು ಬಂದವು.

"ಹಳೇ ಪದ್ಧತಿ" ಎಂದರು ಅಜ್ಜ.

ಲಾಯ ಬಂತು, ಲದ್ದಿ ಬಂತು. "ಇದೇನು, ಗುರೂನ ಕೊಲ್ಲೋಕೆ ಮುಂಚೇನೇ ಶಿಕ್ಷೆ ಕೊಟ್ಟಾರ" ಎಂದು ಹಿಂದಿನ ಸಾಲಿನವರಿಗೂ ಕೇಳುವಂತೆ ಗೊಣಗಿದರು. ಹಿಂದಿನವನು "ಯಜಮಾನ್ರೆ, ಸುಮ್ಮನೆ ಕೂಡ್ರಿ" ಎಂದ. ಗುರು ನಕ್ಷೆ ಕೊಟ್ಟು ನಕ್ಕ ಕೂಡಲೇ ಅಜ್ಜ ಎದ್ದು ನಿಂತು ಧೋತರ ಝಾಡಿಸಿದರು.

"ಮುಗೀತು. ಬದುಕ್ಯಾನ. ನಡೀರಿ."

"ಇಲ್ಲಿ ಇನ್ನೂ ಐತ್ರಿ" ಎಂದೆ.

ಆ ಉದ್ದನೆಯ ಇಂಟರ್‌ವಲ್ಲಿನ ತುಂಬ ಅವರು ಚಾ ಬೇಡವೆಂದು ಊರುಗೋಲು ಕುಟ್ಟುತ್ತಿದ್ದರು. ದೀಪ ಆರಿತು. ಅಟ್ಟಿಸಿಕೊಂಡು ಹೋದದ್ದಾಯಿತು, ಬಂಡೆ ಬಂತು, ಕೆನ್ನೆಗೆ ಗಾಯವಾಯಿತು, ಗುರುವಿನ ಬದಲು ಹುಲ್ಲಿನ ಗೊಂಬೆ ಹೊಳೆಗೆ ಬಿತ್ತು. ಟಾಕೀಸಿನಲ್ಲೆಲ್ಲ ಜನ ನಕ್ಕರು. ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಶುಭಂ ಬಂತು. ಜನ ಎದ್ದು ಹೋದರು, ಗುಡಿಸುವವಳು ಬಂದಳು. ಅಜ್ಜ ಕೂತೇ ಇದ್ದರು, ಗುರು ಎಲ್ಲಿಂದಲಾದರೂ ಈಜಿ ಬರುತ್ತಾನೇನೋ ಎಂದು ಬಿಳಿ ಪರದೆ ನೋಡುತ್ತ. ನಾನು ಹರಿಹರೇಶ್ವರನನ್ನೂ ನೆನೆದೆ, ನಮ್ಮ ಮನೆದೇವರನ್ನೂ ನೆನೆದೆ. ಮೊಮ್ಮಗಳು ಎದ್ದು ಬಂದು ಅಜ್ಜನ ಮುಂದಿನ ಸಾಲಿನಲ್ಲಿ ಅವರಿಗೆ ಮುಖ ಮಾಡಿ ನಿಂತಳು.

"ನೀನು ಕಂಡದ್ದು ಇದೇನಾ?" ಎಂದರು.

"ಇದೇ ರೀ."

ಮೊಮ್ಮಗನ ಕಡೆ ತಿರುಗಿದರು. ವಾರದಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು. "ನೀನೂ ಇದನ್ನೇ ಕಂಡ್ಯಾ?"

"ಹೌದಜ್ಜ. ಅವತ್ತೇ ಹೇಳ್ಬೇಕಿತ್ತು. ಅವಲಕ್ಕಿ ತಿಂತಾ ಕೂತೆ."

ಅಜ್ಜ ಊರುಗೋಲು ಹಿಡಿದು ಎದ್ದರು. ಹೊರಗೆ ಬಂದೆವು. ಗೇಟಿನ ಹತ್ತಿರ ನಿಂತು ಟಾಕೀಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಅನುಕಂಪದಿಂದ.

"ದಾವಣಗೆರಿಯೋರು ಡಬ್ಬ ಅದಲು ಬದಲು ಹಾಕ್ಯಾರೆ" ಎಂದರು. "ಎಂಥಾ ಸಿನಿಮಾನ ಎಂಥಾ ಸಾದಾ ಮಾಡಿಬಿಟ್ಟಾರ. ಗುರು ಕೆಟ್ಟೋನು, ಸತ್ತ. ಅಷ್ಟೇನಾ?"

ನನ್ನ ಮಗ ಕ್ಯಾಂಟೀನಿನವನು ಹೇಳಿದ್ದನ್ನೆಲ್ಲ ಹೇಳಲು ಉಸಿರು ಎಳೆದುಕೊಂಡ. ಮಂಡಕ್ಕಿ ಹೊತ್ತು ಗಟ್ಟಿಯಾದ ಕಾಲು ಅವನದು, ತುಳಿದದ್ದು ಗೊತ್ತಾಗಲು ಸ್ವಲ್ಪ ಜೋರಾಗಿಯೇ ತುಳಿಯಬೇಕಾಯಿತು.

"ಟಾಕೀಸಿನೋರ ತಪ್ಪಿಗೆ ಹುಡುಗಿ ಏನು ಮಾಡ್ಯಾಳು" ಎಂದರು ಅಜ್ಜ. "ಕಂಡದ್ದು ಕಂಡಂಗೆ ಹೇಳ್ಯಾಳ. ನಾನು ಕಣ್ಣು ಬಿಟ್ರೂ ಹೆದರಲಿಲ್ಲ. ನಮ್ಮೋನು ಹೆದರಿದ. ನಮ್ಮ ಮನಿಗೆ ಇಂಥವಳೇ ಒಬ್ಬಾಕಿ ಬೇಕಾಗಿತ್ತು. ಸಿನಿಮಾ ನೋಡೋದು ಬರಂಗಿಲ್ಲ ಪಾಪ, ಅದನ್ನ ನಾವು ಕಲಿಸ್ಕಂತೀವಿ."

"ಕಲಿಸ್ರಿ" ಎಂದಳು ನನ್ನ ಮೊಮ್ಮಗಳು. "ಆದ್ರೆ ಗುರು ಸತ್ತಾನ್ರಿ."

ಮಗ ಕಣ್ಣು ಮುಚ್ಚಿಕೊಂಡ. ಹುಡುಗ ಬೈಕಿನ ಹ್ಯಾಂಡಲ್ ಹಿಡಿದುಕೊಂಡ. ಅಜ್ಜ ಅವಳ ಮುಖವನ್ನೇ ನೋಡಿದರು. ಆಮೇಲೆ ನಕ್ಕರು ನೋಡಿ, ರುಮಾಲು ಸಡಿಲವಾಗುವಂತೆ.

"ಅಮ್ಮಾರೆ, ಲಗ್ನ ಯಾವಾಗ ಇಟ್ಟುಕೊಳ್ಳಾನ ಹೇಳ್ರಿ" ಎಂದರು.

ಇಂಥ ಹೊತ್ತಿನಲ್ಲಿ ಹೆಣ್ಣಿನ ಕಡೆಯವರು ಸ್ವಲ್ಪ ಬಿಗುಮಾನದಿಂದ, ಪಂಚಾಂಗ ನೋಡಿ ತಿಳಿಸುತ್ತೇವೆ ಎನ್ನಬೇಕು. ನನಗೆ ಅದೆಲ್ಲ ಗೊತ್ತು, ಓಣಿಯ ಎಷ್ಟೋ ಮದುವೆಗಳಲ್ಲಿ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ.

"ನಾಳೆ ಬೆಳಿಗ್ಗೆ ಇಟ್ಟುಬಿಡ್ರಿ" ಎಂದೆ.

"ಅಮ್ಮ" ಎಂದ ಮಗ.

ಅಜ್ಜ ಬೈಕಿನ ಹಿಂದೆ ಕೂತು ಧೋತರ ಮಡಿಚಿಕೊಂಡು, ಯೋಚಿಸಿ ಹೇಳಿದರು. "ನಾಳೆ ಬ್ಯಾಡ್ರಿ. ನಾಳೆ ನಮ್ಮೂರಾಗೆ ಆ ಸಿನಿಮಾದ ಕಡೇ ಆಟ ಐತೆ. ಇಲ್ಲಿ ನೋಡಿ ತಲಿ ಕೆಟ್ಟೈತೆ, ಒಂದ್ಸಲ ಸರಿಯಾಗಿ ನೋಡ್ಬೇಕು."